ಕೋಟೆಯೊಳಗೊಂದು ಕಲ್ಲುಮನೆ

ಪಾಳು ಕೋಟೆಯ ಬಾಗಿಲು ದಾಟಿದ ಕೂಡಲೇ ಗಂಗಾ ಒಲೆ ಹಚ್ಚಲಿಲ್ಲ, ಮನೆ ಕಟ್ಟಿದಳು. ಉದುರಿದ ಗೋಡೆಯ ಬುಡದಲ್ಲಿ ಚೂರು ಕಲ್ಲುಗಳನ್ನು ಪೇರಿಸಿ, ಮೇಲೊಂದು ಚಪ್ಪಟೆ ಕಲ್ಲಿಟ್ಟು ಕೈ ಮುಗಿದಳು. ಅವಳದು ಸೇಡಂ ಕಡೆಯ ಊರು. ಅಲ್ಲಿ ಸ್ವಂತ ಮನೆ ಬೇಡುವವರು ಗುಡ್ಡದ ದೇವರೆದುರು ಹೀಗೆ ಕಟ್ಟುತ್ತಾರೆ. ಅದನ್ನು ಯಾರೂ ಕೆಡವಬಾರದು. ಕೆಡವಿದರೆ ಬೇಡಿದ ಮನೆಯೂ ಹೋಯಿತು. ಇಲ್ಲಿ ಕೋಟೆ ಬಾಗಿಲಲ್ಲಿ ಕುಂಕುಮ ಮೆತ್ತಿದ ಗ್ರಾಮದೇವತೆ ಮೈಸಮ್ಮನಿದ್ದಳು. ಗಂಗಾಗೆ ಅಷ್ಟು ಸಾಕಾಯಿತು.

ಗಂಡ ಮಲ್ಲು ಗಾರೆ ಕೆಲಸ ಹುಡುಕಿ ತೆಲುಗು ಸೀಮೆಯ ಈ ಶಹರಕ್ಕೆ ಬಂದವನು. ಕುಷಾಯಿಗೂಡದಲ್ಲಿ ಯಾರದೋ ಅಪಾರ್ಟ್‌ಮೆಂಟ್ ಮುಗಿದು ಗೃಹಪ್ರವೇಶದ ಹೋಮ ಶುರುವಾದರೆ ಇವರ ತಗಡಿನ ಶೆಡ್ಡು ಕೀಳುತ್ತಾರೆ. ಮದುವೆಯಾದಾಗಿನಿಂದ ಹೀಗೇ. ಮುಂದಿನ ವಾರ ಮತ್ತೆ ಕೀಳುವುದಿತ್ತು.

ಅದೇ ಶಹರದ ಮಾದಾಪುರದ ಸಾಫ್ಟ್‌ವೇರ್ ಕಂಪನಿಯವರು ಕೋಟೆ ಸ್ವಚ್ಛ ಮಾಡಲು ಬಂದಿದ್ದರು. ಊಟದ ಕಂತ್ರಾಟು ಹಿಡಿದ ಗಿರಿಜಾಬಾಯಿ ಗಂಗಾಳನ್ನು ಪೂರಿ ಕರಿಯಲು ಕರೆತಂದಿದ್ದಳು. ಕರಿದು ಮುಗಿಸಿ ಗಂಗಾ ನೋಡಿದರೆ ಕಲ್ಲುಮನೆ ಇಲ್ಲ. ಗುಂಪಿನ ಮುಂದಾಳು, ಮೈಸೂರಿನ ತರುಣ, ಕಸದ ಚೀಲ ಹಿಡಿದು ನಿಂತಿದ್ದ.

"ಇಲ್ಲಿ ಕಲ್ಲು ಇಟ್ಟಿದ್ನಿ, ಎಲ್ಲಿ ಹೋದ್ವು ರೀ?"

"ಓ, ನೀವು ಕನ್ನಡದವರಾ?" ತರುಣನಿಗೆ ಖುಷಿಯಾಯಿತು. "ಕ್ಲೀನ್ ಮಾಡಿಬಿಟ್ವಮ್ಮ. ಹೆರಿಟೇಜ್ ಅಲ್ವಾ, ಹೀಗೆಲ್ಲ ಗುಡ್ಡೆ ಹಾಕಬಾರದು. ಕಂದಕಕ್ಕೆ ಎಸೆದ್ವಿ."

"ಅದು ನನ್ನ ಮನಿ ರೀ!"

ಅವನು ನಕ್ಕ. "ಅಯ್ಯೋ, ಇನ್ನೊಂದು ಕಟ್ಕೊಳ್ಳಿ ಬಿಡಿ."

ಅವನ ಬೆನ್ನ ಹಿಂದೆ ಕೋಟೆಯ ಗೋಡೆಗೆ ಹೊಸ ಮೊಳೆ ಹೊಡೆದು ಕಂಪನಿಯ ಬ್ಯಾನರ್ ಕಟ್ಟಿದ್ದರು. ಗಂಗಾ ಅದರತ್ತ ಬೆರಳು ತೋರಿಸಿದಳು.

"ಆ ಮೊಳಿ ಹೆರಿಟೇಜೇನ್ರಿ? ನಿಮ್ಮ ಗೃಹಪ್ರವೇಶಕ್ಕ ನಾ ಕಸಬರಗಿ ಹಿಡ್ಕೊಂಡು ಬರ್ಲೇನು?"

"ಏ ಗಂಗಾ!" ಗಿರಿಜಾಬಾಯಿ ಕೂಗಿದಳು. "ಪೂರಿ ಆರಾಕತ್ತಾವ. ಸಾಹೇಬ್ರ ಜೋಡಿ ಏನ್ ಜಗಳ ಹಚ್ಚೀದಿ?"

ಗಂಗಾ ಕಂದಕಕ್ಕಿಳಿದಳು. ಜಾಲಿಮುಳ್ಳು ಮೊಣಕೈ ಗೀರಿತು. ಸಿಕ್ಕ ಕಲ್ಲುಗಳನ್ನು ಸೆರಗಿನಲ್ಲಿ ಹೊತ್ತು ತಂದು ಬ್ಯಾನರ್ ಕೆಳಗೇ ಕುಕ್ಕರಗಾಲಲ್ಲಿ ಕೂತು ಪೇರಿಸತೊಡಗಿದಳು. ಫೋಟೊಗೆಂದು ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದರು.

"ಅಮ್ಮ, ಸ್ವಲ್ಪ ಆ ಕಡೆ ಸರೀರಿ," ಎಂದ ತರುಣ.

"ಏಳ್ತಿಯೋ ಇಲ್ಲೋ? ಇಲ್ಲಾಂದ್ರ ನಾಳಿಂದ ಬರಬ್ಯಾಡ," ಎಂದಳು ಗಿರಿಜಾಬಾಯಿ.

"ಬರಂಗಿಲ್ಲ ತಗೋ." ಗಂಗಾ ತಲೆ ಎತ್ತಲಿಲ್ಲ. "ಇಷ್ಟು ದಿನ ಆ ಕಡಿ, ಈ ಕಡಿ ಅಂತ ನಾವ ಸರದೀವಿ. ಈಗ ನೀವು ಸರೀರಿ."

ಚಪ್ಪಟೆ ಕಲ್ಲು ಎರಡು ಹೋಳಾಗಿತ್ತು. ಅವಳು ಎರಡನ್ನೂ ಜೋಡಿಸಿ ಮೇಲಿಟ್ಟಳು.