ಕಮಲಾಕ್ಷಿಯ ಹಿಂದಿನ ಚಕ್ರ

೧

ಹೇಗೆ ಶುರುಮಾಡಲಿ? ‘ರೋಹಿಣಿ ಮಳೆ ಇನ್ನೂ ಬಿದ್ದಿರಲಿಲ್ಲ, ಕೆಲಸ ಆಗಲೇ ಸಾಗಿತ್ತು’ ಎಂದು ಬರೆದೆ. ನನ್ನ ಕಥೆಗಳೆಲ್ಲ ಹೀಗೇ ಶುರುವಾಗುತ್ತವೆ. ಮೂರನೆಯ ವಾಕ್ಯಕ್ಕೆ ಎತ್ತು ಬರುತ್ತದೆ. ಇಲ್ಲಿ ಎತ್ತಿಗೆ ಪಾರ್ಕಿಂಗ್ ಇಲ್ಲ. ಇದು ಗಡಿಯಾಚೆಯ ಮಹಾನಗರದ ಮಿಯಾಪುರ ಬಡಾವಣೆಯ ಅಪಾರ್ಟ್‌ಮೆಂಟೊಂದರ ಬೇಸ್‌ಮೆಂಟು. ತೊಟ್ಟಿಕ್ಕುವುದು ಏಸಿ ನೀರು ಮಾತ್ರ. ಮಾದಾಪುರದ ಸಾಫ್ಟ್‌ವೇರ್ ಕಂಪನಿಗಳಲ್ಲಿ ವಾರವಿಡೀ ಕೂತು ಸವೆದವರು ಭಾನುವಾರ ಬೆಳಿಗ್ಗೆ ಇಲ್ಲಿ ಒಂದೇ ಬಣ್ಣದ ಟೀ ಶರ್ಟು ತೊಟ್ಟು, ಪುಕ್ಕಟೆಯಾಗಿ ಊರವರ ಸೈಕಲ್ ರಿಪೇರಿ ಮಾಡಿಕೊಡುತ್ತಾರೆ.

(ತಪ್ಪಾಯಿತು, ಮಾಡಿಕೊಡುವುದಿಲ್ಲ. ಗೋಡೆಯ ಮೇಲೆ ಬೋರ್ಡಿದೆ: ‘ನಾವು ರಿಪೇರಿ ಮಾಡಿಕೊಡುವುದಿಲ್ಲ, ಕಲಿಸಿಕೊಡುತ್ತೇವೆ.’ ಆ ಬೋರ್ಡನ್ನು ಮಾತ್ರ ಪೇಂಟರನ್ನು ಕರೆಸಿ ಬರೆಸಿದ್ದಾರೆ.)

೨

ಕಮಲಾಕ್ಷಿ ಸೇಡಂ ಕಡೆಯವಳು. ಈ ಅಪಾರ್ಟ್‌ಮೆಂಟಿನಲ್ಲೂ ಆಚೆಯ ಕಾಲೋನಿಯಲ್ಲೂ ಮನೆಮನೆಗೆ ಹೋಗಿ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಹೋಗಿಬರಲು ಸೈಕಲ್. ಹೋದ ವಾರ ತಡವಾಯಿತೆಂದು ಕಾಲೋನಿಯ ವಾಸಂತಿ ಮೇಡಂ, ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದಿದ್ದರು. ಹಿಂದಿನ ಚಕ್ರ ಅಲುಗಾಡುತ್ತಿತ್ತು. ಒಂದು ನಟ್ಟು ಬಿಗಿದಿದ್ದರೆ ಸಾಕಿತ್ತು.

ಮೈಸೂರಿನ ಸೂರಜ್ ಅಲ್ಲಿಯ ಸ್ವಯಂಸೇವಕ. ಅವನ ಮನೆಯ ರೊಟ್ಟಿಯೂ ಕಮಲಾಕ್ಷಿಯದೇ. ಗ್ಲೌಸ್ ಏರಿಸುತ್ತ, “ಬನ್ನಿ ಕಮಲಾಕ್ಷಮ್ಮ, ಮೊದಲು ಪೂರ್ತಿ ಬಿಚ್ಚೋಣ” ಎಂದ.

“ಬಿಚ್ಚೂದು ಬ್ಯಾಡ್ರಿ ಸರ. ನಟ್ಟ್ ಅಷ್ಟ ಬಿಗೀರಿ.”

“ಅದನ್ನ ನೀವೇ ಮಾಡ್ಬೇಕು. ಎಂಪವರ್‌ಮೆಂಟ್ ಅಂದ್ರೆ ಅದೇ.”

“ನಿಮ್ಮನ್ಯಾಗ ದಿನಾ ರೊಟ್ಟಿ ಬಡೀತೀನಲ್ರಿ, ‘ಮಾಡಿಕೊಡೂದಿಲ್ಲ, ನೀವ ಕಲೀರಿ’ ಅಂದೀನೇನ್ರಿ?”

ಸುತ್ತಲಿದ್ದವರು ನಕ್ಕರು. ಸೂರಜ್ ಕೂಡ ನಗುತ್ತಲೇ ಅಚ್ಚು ಎಳೆದ. ಒಳಗಿನ ಉಕ್ಕಿನ ಗುಂಡುಗಳೆಲ್ಲ ಉರುಳಿ ಚರಂಡಿಯ ಜಾಲರಿಯೊಳಗೆ ಬಿದ್ದವು. ಅಷ್ಟರಲ್ಲಿ ಯಾರೋ ಇಬ್ಬರದೂ ಫೋಟೋ ತೆಗೆದಾಗಿತ್ತು.

“ಪರವಾಗಿಲ್ಲ, ಕೂರಿಸೋದು ಮುಂದಿನ ಸಂಡೇ ಸೆಷನ್ನು” ಎಂದ.

“ನಾಳಿಗೆ ಹೆಂಗ್ರಿ?”

ಅದು ಸಿಲೆಬಸ್‌ನಲ್ಲಿರಲಿಲ್ಲ.

೩

ಒಂದು ಅಂತ್ಯ: ಕಮಲಾಕ್ಷಿ ರಿಪೇರಿ ಕಲಿತು ತನ್ನದೇ ಅಂಗಡಿ ಇಡುತ್ತಾಳೆ. ನನ್ನಿಂದ ಈ ಕಥೆ ಕೇಳಿರುವ ವಿಶೇಷಾಂಕದ ಸಂಪಾದಕರು ಕುಣಿದಾಡುತ್ತಾರೆ.

“ಆಮ್ಯಾಲ ರೊಟ್ಟಿ ನೀವು ಬಡೀತೀರೇನ್ರಿ ಸಾಹೇಬ್ರ?” ನನ್ನ ಹಾಳೆಯ ಅಂಚಿನಿಂದ ಕಮಲಾಕ್ಷಿ ಕೇಳಿದಳು. ಹೊಡೆದುಹಾಕಿದೆ.

ಇನ್ನೊಂದು: ಸೂರಜ್ ತನ್ನ ದುಬಾರಿ ಗೇರ್ ಸೈಕಲ್ಲನ್ನೇ ಅವಳಿಗೆ ಕೊಡುತ್ತಾನೆ. ಕಣ್ಣು ಒದ್ದೆಯಾಗುತ್ತದೆ (ಯಾರದೆಂದು ಇನ್ನೂ ನಿರ್ಧರಿಸಿಲ್ಲ).

“ಅದಕ್ಕ ಕ್ಯಾರಿಯರ್ ಇಲ್ಲ. ಹಿಟ್ಟಿನ ಡಬ್ಬಿ ತಲಿಮ್ಯಾಲ ಇಟ್ಕೋಬೇಕೇನ್ರಿ?”

ಅತ್ತಲಿಂದ ಸೂರಜ್: “ಸರ್, ಕಥೆ ಏನಾದ್ರೂ ಬರೀರಿ. ನನ್ನ ಸೈಕಲ್ ತಂಟೆಗೆ ಬರಬೇಡಿ.”

೪

ಹಾಗಾದರೆ ಸೋಮವಾರ ನಡೆದದ್ದನ್ನೇ ಬರೆಯುತ್ತೇನೆ. ಕಮಲಾಕ್ಷಿ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು ಕಾಲೋನಿಗೆ ನಡೆದಳು. ವಾಸಂತಿ ಮೇಡಂ ಬಾಗಿಲು ಅರ್ಧ ತೆರೆದರು. ಒಳಗೆ ರೊಟ್ಟಿ ಬಡಿಯುವ ಸದ್ದು ಆಗಲೇ ಕೇಳುತ್ತಿತ್ತು, ಬೇರೆ ಯಾರದೋ ಕೈಯದು.

ಅಲ್ಲಿಂದ ಸೀದಾ ಸೂರಜನ ಮನೆಗೆ ಬಂದು, ಹಿಟ್ಟಿನ ಪರಾತವನ್ನು ಅವನ ಮುಂದಿಟ್ಟು ಕುರ್ಚಿಯಲ್ಲಿ ಕೂತಳು.

“ಮಾಡಿಕೊಡೂದಿಲ್ಲ ಸರ. ಕಲಿಸಿಕೊಡ್ತೀನಿ.”

“ಒಂಬತ್ತಕ್ಕೆ ಮೀಟಿಂಗ್ ಇದೆ ಕಮಲಾಕ್ಷಮ್ಮ...”

“ಅಂಚ ಹಿಡದ ತಟ್ರಿ, ರೊಟ್ಟಿ ಹರದೀತು.”

ಹರಿಯಿತು. ಬೆರಳು ಸುಟ್ಟಿತು. ಅವಳು ತನ್ನ ಮೊಬೈಲು ಎತ್ತಿದಳು. “ಸರ, ಹೊಳ್ಳಿ ಈ ಕಡಿ ನೋಡ್ರಿ. ನಗ್ರಿ ಒಂಚೂರ.”

ಇಲ್ಲಿಗೆ ಮುಗಿಸಬಹುದು. ಎಷ್ಟು ಚೆನ್ನಾಗಿ ಬಂತೆಂದು ನಾನು ಚಹಾ ಕುಡಿಯಲು ಎದ್ದೆ.

“ನಿಮಗ ಚಂದ ಆತು. ನನ್ನ ಚಕ್ರ?”

“ಈಗಲೇ ಬರೆಯುತ್ತೇನಮ್ಮ: ಚಕ್ರ ಮತ್ತೆ ತಿರುಗಿತು.”

“ನೀವು ಬರದ್ರ ಅದು ತಿರಗತೈತೇನ್ರಿ? ವಾಸಂತಿ ಮೇಡಮ್ಮಾರು ಹೊಳ್ಳಿ ಕರೀತಾರೇನ್ರಿ? ನೀವೂ ಆ ಸರನಂಗ ಅದೀರಿ ಬಿಡ್ರಿ. ಬಿಚ್ಚಾಕ ಬರ್ತೈತಿ, ಕೂರ್ಸಾಕ ಬರಂಗಿಲ್ಲ.”

ಎತ್ತಿಗೆ ಲಾಳ ಹೊಡೆಯುವುದನ್ನು ನಾನು ನಾಲ್ಕು ಪುಟ ಬರೆಯಬಲ್ಲೆ. ಅವಳು ಸೈಕಲ್ಲನ್ನು ತಲೆಕೆಳಗಾಗಿಸಿ ನನ್ನ ಮೇಜಿನ ಪಕ್ಕ ನಿಲ್ಲಿಸಿ, ನೆಲದ ಮೇಲೆ ಕೂತಳು.

“ಚಕ್ರ ಕೂರೂ ತನಕ ಕಥಿ ಮುಗಸ್ಬ್ಯಾಡ್ರಿ. ನಾ ಏಳಂಗಿಲ್ಲ.”

ಹೊರಗೆ ರೋಹಿಣಿ ಮಳೆ ಹನಿಯತೊಡಗಿತು. (ಓದುಗರೇ, ಈ ಸಲ ನಿಜವಾಗಿಯೂ.) ನಾನು ಸ್ಪ್ಯಾನರ್ ಹುಡುಕುತ್ತಿದ್ದೇನೆ. ತೆರೆದ ಡ್ರಾಯರುಗಳಲ್ಲೆಲ್ಲ ಪೆನ್ನುಗಳೇ ಇವೆ.