ನೊಣದ ಕೋಣೆಗೆ ಬಂದ ಚಳಿ

ಹಣ್ಣುನೊಣಕ್ಕೂ ದೇವದಾರು ಮರಕ್ಕೂ ಉಸಿರು ಕೊಟ್ಟವನು ಒಬ್ಬನೇ. ಆದರೆ ಒಂದಕ್ಕೆ ಅವಸರ ಕೊಟ್ಟ, ಇನ್ನೊಂದಕ್ಕೆ ತಾಳ್ಮೆ. ನೊಣವೊಂದು ಹುಟ್ಟಿ, ಸಂಸಾರ ಹೂಡಿ, ಅಜ್ಜಿಯಾಗಿ ಕಣ್ಮುಚ್ಚುವಷ್ಟರಲ್ಲಿ ದೇವದಾರಿನ ಬೀಜ ಇನ್ನೂ ಮಗ್ಗುಲು ಬದಲಿಸಿರುವುದಿಲ್ಲ. ನೊಣಕ್ಕೆ ಬೆಚ್ಚಗಿರಬೇಕು, ಆ ಬೀಜ ಕಣ್ಣು ಬಿಡಲು ಮೊದಲು ಚಳಿ ತಾಕಬೇಕು.

ಅಕ್ಕ ನೊಣ ಸಾಕುವವಳು, ತಂಗಿ ಮರ ಬೆಳೆಸುವವಳು. ಒಂದೇ ಸಂಶೋಧನಾಲಯ, ಒಂದೇ ಮಹಡಿ. ಅಕ್ಕನ ಸೀಸೆಗಳಲ್ಲಿ ರೆಕ್ಕೆ ಸುರುಳಿ ಸುತ್ತಿಕೊಂಡ ನೊಣಗಳ ಒಂದು ವಂಶವಿತ್ತು. ಅವಳ ಕೈಯಲ್ಲೇ ಹುಟ್ಟಿದ್ದು, ಬೇರೆಲ್ಲೂ ಇಲ್ಲದ್ದು. ಜೊತೆಯವರು ಅವಳನ್ನು ನೊಣದಮ್ಮ ಎನ್ನುತ್ತಿದ್ದರು. ಮೊಮ್ಮಕ್ಕಳೆಷ್ಟು ಎಂದು ಕಾಲೆಳೆದರೆ, ಕಾಫಿ ಕುಡಿಯುವಷ್ಟರಲ್ಲಿ ಲೆಕ್ಕ ತಪ್ಪಿತು ಎಂದು ಅವಳೂ ನಗುತ್ತಿದ್ದಳು.

ಅಮ್ಮನ ಸೊಂಟದ ಮೂಳೆ ಮುರಿದಾಗ ಅಕ್ಕ ಆಸ್ಪತ್ರೆಯಲ್ಲಿ ನಿಲ್ಲಬೇಕಾಯಿತು. ಹಳೆಯ ಸೀಸೆಯಿಂದ ಹೊಸದಕ್ಕೆ ನೊಣಗಳನ್ನು ತಟ್ಟಿ ಇಳಿಸುವುದನ್ನು ತಂಗಿಗೆ ತೋರಿಸಿ ಹೋದಳು. ನೀನು ಅಮ್ಮನ್ನ ನೋಡ್ಕೋ, ನಿನ್ನ ಮಕ್ಕಳನ್ನ ನಾನು ನೋಡ್ಕೋತೀನಿ ಎಂದಿದ್ದಳು ತಂಗಿ. ಫೋನ್ ಮಾಡಿದಾಗಲೆಲ್ಲ, ಎಲ್ಲ ಚೆನ್ನಾಗಿವೆ ಎನ್ನುತ್ತಿದ್ದಳು.

ಅಮ್ಮ ಗೋಡೆ ಹಿಡಿದು ನಡೆಯುವಂತಾದ ಮೇಲೆ ಅಕ್ಕ ಮರಳಿದಳು. ಸದಾ ಬೆಚ್ಚಗಿರುತ್ತಿದ್ದ ನೊಣದ ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ಚಳಿ ಹೊಡೆಯಿತು. ಕಪಾಟಿನ ತುಂಬ ಬೀಜವಿಟ್ಟ ಒದ್ದೆ ಮರಳಿನ ತಟ್ಟೆಗಳು. ಸೀಸೆಗಳು ಮೂಲೆಯಲ್ಲಿದ್ದವು. ಒಂದನ್ನೆತ್ತಿ ಬೆಳಕಿಗೆ ಹಿಡಿದಳು. ತಳದಲ್ಲಿ ಕರಿ ಎಳ್ಳು ಚೆಲ್ಲಿದಂತೆ ನೊಣಗಳು ಬಿದ್ದಿದ್ದವು.

ಹಿಂದೆ ಬಂದು ನಿಂತ ತಂಗಿ ತಾನಾಗಿಯೇ ಹೇಳತೊಡಗಿದಳು. ಅವಳ ಶೀತಪೆಟ್ಟಿಗೆ ಕೆಟ್ಟಿತ್ತಂತೆ, ಅದಕ್ಕೇ ಈ ಕೋಣೆಯನ್ನು ತಣ್ಣಗೆ ಮಾಡಿ ಬೀಜ ಇಟ್ಟಳಂತೆ. ಈ ಬೀಜ ಹಾಳಾದರೆ ಮರ ಮತ್ತೆ ಕಾಯಿ ಬಿಡಲು ವರ್ಷಗಟ್ಟಲೆ ಕಾಯಬೇಕಂತೆ. ಚಳಿಯಲ್ಲಿ ನೊಣಗಳು ನಿದ್ದೆ ಹೋಗುತ್ತವೆ, ಬಿಸಿ ಮಾಡಿದರೆ ಏಳುತ್ತವೆ ಅಂದುಕೊಂಡಳಂತೆ. ಮರದವರು ಮಾಡುವ ತಪ್ಪು ಅದು. ಅವರಿಗೆ ಚಳಿಯೆಂದರೆ ತೊಟ್ಟಿಲು. ಅಷ್ಟನ್ನು ನಂಬಲು ಅಕ್ಕ ಸಿದ್ಧಳಿದ್ದಳು.

"ಏಳಲ್ಲ ಅಂತ ಯಾವಾಗ ಗೊತ್ತಾಯ್ತು ನಿಂಗೆ?"

ತಂಗಿ ತಟ್ಟೆಯ ಅಂಚನ್ನು ಸವರಿದಳು. "ಮೊದಲನೇ ವಾರದಲ್ಲೇ. ಒಂದು ಸೀಸೆ ಬಿಸಿಲಿಗಿಟ್ಟು ನೋಡ್ದೆ."

"ಮಿಕ್ಕಿದ್ದು?"

"ಕೆಲವು ಕಾಲಾಡಿಸ್ತಿದ್ವು ಅಕ್ಕಾ. ಆದ್ರೆ ಬೀಜ ಆಗ್ಲೇ ನೆನೆದುಬಿಟ್ಟಿತ್ತು, ಕೋಣೆ ಬಿಸಿ ಮಾಡಿದ್ರೆ ಹಾಳಾಗ್ತಿತ್ತು."

ಅಕ್ಕನ ಕೈ ಗೋಡೆಯ ಮೇಲಿದ್ದ ತಾಪದ ಗುಂಡಿಗೆ ಹೋಯಿತು. ತಿರುಗಿಸಿದರೆ ಸಾಕು, ಬೀಜಗಳೂ ಹೋಗುತ್ತಿದ್ದವು. ದೇವರೇ ಎಂದಳು ಮನಸ್ಸಿನಲ್ಲಿ. ಮುಂದೆ ಏನು ಬೇಡಬೇಕೆಂದು ತೋಚಲಿಲ್ಲ. ಹತ್ತಿರದ ತಟ್ಟೆಯಲ್ಲಿ ಒಂದು ಬೀಜ ಬಿರಿದು, ಬೆಳ್ಳಗಿನ ತುದಿ ಹೊರಗಿಟ್ಟಿತ್ತು. ಅದು ಯಾರಿಗೂ ಮೋಸ ಮಾಡಿರಲಿಲ್ಲ.

ಕೈ ಹಿಂತೆಗೆದು ಅವಳು ಸೀಸೆಗಳನ್ನು ಬುಟ್ಟಿಗೆ ತುಂಬಿದಳು. ತಂಗಿ ಒಂದನ್ನು ಎತ್ತಿಕೊಡಲು ಬಗ್ಗಿದಳು.

"ಮುಟ್ಬೇಡ," ಎಂದಳು ಅಕ್ಕ.

ಹೊರಗೆ ಬಂದು, ಚಳಿ ಸೋರದಂತೆ ಬಾಗಿಲನ್ನು ಭದ್ರವಾಗಿ ಎಳೆದುಕೊಂಡಳು. ತಂಗಿ ಒಳಗೇ ಇದ್ದಳು.