ಟೈಲರಕ್ಕನ ಬಲಗೈ

ಗಂಡ ಟೈಲರಕ್ಕನ ತಲೆ ಬಾಚುತ್ತಿದ್ದ. ಪಾರ್ಶ್ವವಾಯು ಬಡಿದು ಅವಳ ಬಲಗೈ ಬಿದ್ದಾಗಿನಿಂದ ಅದು ಅವನ ಪಾಲಿನ ಕೆಲಸ. ಬೈತಲೆ ಮಾತ್ರ ಇವತ್ತಿಗೂ ಸೊಟ್ಟ.

"ಬಸ್ಸೂ ಹೀಗೇ ಓಡಿಸ್ತೀರಾ?" ಎಂದಳು.

"ಸುಮ್ನಿರು. ಕ್ಲಿನಿಕ್ಕಿನವರ ಸಭೆಯಲ್ಲಿ ಒಂದು ಮಾತು ಹೇಳಿಬಿಡು. ಸ್ಟೆಮ್ ಸೆಲ್ ಇಂಜೆಕ್ಷನ್‌ನಿಂದ ಕೈ ಎದ್ದಿತು ಅಂತ. ಎರಡನೇದು ಪುಕ್ಕಟೆ ಕೊಡ್ತಾರೆ."

"ಕೈ ಎದ್ದಿದ್ದು ಅದಕ್ಕೂ ಮುಂಚೆ, ನಿಮ್ಮ ತಂಗಿ ದಿನಾ ಕೂತು ಕಸರತ್ತು ಮಾಡಿಸಿದ್ದಕ್ಕೆ. ಇಂಜೆಕ್ಷನ್ ಆದ ಮೇಲೆ ಕಸರತ್ತು ಬೇಡ ಅಂದ್ರಲ್ಲ, ಬೆರಳು ಮತ್ತೆ ಬಿಗಿದುಕೊಂಡ್ವು."

"ನೀನು ಮಿಷನ್ ಮುಂದೆ ಕೂರೋದನ್ನ ನೋಡಬೇಕು ಕಣೇ. ಇನ್ನೊಂದು ಸಲ ನೋಡೇಬಿಡೋಣ." ಅವನ ದನಿ ಒಡೆಯಿತು. ಟೈಲರಕ್ಕ ಎಡಗೈಯಿಂದ ಅವನ ಕೆನ್ನೆ ಸವರಿದಳು. ಅವನ ಜೊತೆ ಸಭೆಗೆ ಹೊರಟಳು.

ಸಭೆಯ ತುಂಬ ಗಾಲಿಕುರ್ಚಿಗಳು. "ಇದಿನ್ನೂ ಪರೀಕ್ಷೆಯ ಹಂತದಲ್ಲಿದೆ ಅಂದ್ರಲ್ಲ ಆಸ್ಪತ್ರೆ ಡಾಕ್ಟರು?" ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು. ಅಪ್ಪನ ಜೋತುಬಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಅವರು ಪರೀಕ್ಷೆ ಮಾಡ್ತಾನೇ ಇರ್ತಾರೆ. ಅಲ್ಲೀತನಕ ನಿಮ್ಮಪ್ಪ ಕಾಯ್ತಾರಾ?" ಎಂದ ಕ್ಲಿನಿಕ್ಕಿನ ಮ್ಯಾನೇಜರು, ಮೈಕನ್ನು ವೇದಿಕೆಯ ಮೇಲಿದ್ದ ಟೈಲರಕ್ಕನ ಎಡಗೈಗೆ ಕೊಟ್ಟ. "ಇವರನ್ನೇ ಕೇಳಿ."

ಹುಡುಗಿ ಆಸೆಗಣ್ಣಿನಿಂದ ನೋಡಿದಳು. ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಈ ಇಂಜೆಕ್ಷನ್ ನಾನು ತಗೊಂಡಿದ್ದೀನಿ. ಏನೂ ಉಪಯೋಗ ಆಗಲಿಲ್ಲ. ಅದಕ್ಕೂ ಮುಂಚೆ ದಿನಾ ಕಸರತ್ತು ಮಾಡಿಸಿ ಕೈ ಎಬ್ಬಿಸಿದ್ದು ನನ್ನ ನಾದಿನಿ. ಇವರ ಮಾತು ಕೇಳಿ ಕಸರತ್ತು ಬಿಟ್ಟೆ, ಬೆರಳು ಕಟ್ಟಿಗೆ ಆಯ್ತು. ಮುಂದೆ ಯಾವತ್ತಾದರೂ ಈ ಚಿಕಿತ್ಸೆ ಫಲ ಕೊಟ್ಟರೆ ಕೊಡಲಿ, ನಾನೇ ಮೊದಲು ಬರ್ತೀನಿ. ಇವತ್ತೇ ಗ್ಯಾರಂಟಿ ಅಂತ ಮಾರೋದು ಮೋಸ."

ಮ್ಯಾನೇಜರು ಮೈಕ್ ಕಿತ್ತುಕೊಂಡ. "ಬೇಜಾರು ಮಾಡ್ಕೋಬೇಡಿ. ಸ್ಟ್ರೋಕ್ ಆದವರು ಹೀಗೇ, ಬುದ್ಧಿ ನೆಟ್ಟಗಿರಲ್ಲ."

ಹಿಂದಿನ ಸಾಲಿನಲ್ಲಿ ಗಂಡ ಎದ್ದು ನಿಂತ. ಮುಖ ಕೆಂಪಗಾಗಿತ್ತು.

"ಅವಳದು ಕೈ ಬಿದ್ದಿದೆ, ಬುದ್ಧಿ ನೆಟ್ಟಗೇ ಇದೆ. ಕೆಟ್ಟಿದ್ದು ನಂದು. ನಾನೇ ಬಲವಂತ ಮಾಡಿ ಸುಳ್ಳು ಹೇಳಿಸೋಕೆ ಕರ್ಕೊಂಡು ಬಂದೆ."

ವೇದಿಕೆಗೆ ಹೋಗಿ, ಹೆಂಡತಿಯ ತೋಳು ಹಿಡಿದು ಕೆಳಗಿಳಿಸಿದ. ಸಭೆಯಲ್ಲಿ ಗುಸುಗುಸು ಹಬ್ಬಿತು. ಹುಡುಗಿ ಟೈಲರಕ್ಕನ ಸೆರಗು ಹಿಡಿದಳು. "ಅಕ್ಕಾ, ಆ ಕಸರತ್ತು ಹೇಗೆ ಮಾಡಿಸೋದು?"

ಟೈಲರಕ್ಕ ಅವಳ ಪಕ್ಕದ ಕುರ್ಚಿಯಲ್ಲೇ ಕುಳಿತಳು. ತನ್ನ ಬಲಗೈಯನ್ನು ತೊಡೆಯ ಮೇಲಿಟ್ಟು, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸುವಂತೆ ಗಂಡನಿಗೆ ಹೇಳಿ ತೋರಿಸಿದಳು. ಹುಡುಗಿ ಅದನ್ನೇ ಅಪ್ಪನ ಕೈಗೆ ಮಾಡಿದಳು. ಇನ್ನೆರಡು ಗಾಲಿಕುರ್ಚಿಗಳು ಹತ್ತಿರ ಸರಿದವು.

"ಹಾಲ್ ಖಾಲಿ ಮಾಡ್ರಿ," ಎಂದು ಮ್ಯಾನೇಜರು ಗದರಿದ.

"ಇರಪ್ಪ," ಎಂದಳು ಟೈಲರಕ್ಕ, ತಲೆಯನ್ನೂ ಎತ್ತದೆ. "ಹೆಬ್ಬೆರಳು ಇನ್ನೂ ಬಾಕಿ ಇದೆ."